ವಿಮಾನ ಹತ್ತಿದ ಮಡಿಲಕ್ಕಿ

ದೆಹಲಿಯಲ್ಲಿದ್ದ ತಂಗಿಯ ಸೀಮಂತ. ಅಮ್ಮ ಇಲ್ಲದ್ದರಿಂದ ತವರಿನ ಮಡಿಲಕ್ಕಿ ಒಯ್ಯುವುದು ಅಕ್ಕನಾದ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಅದಕ್ಕೊಂದು ಕಟ್ಟಳೆ: ಅಕ್ಕಿ, ಬೆಲ್ಲ, ಅರಿಶಿನದ ಕೊಂಬು, ಅಡಿಕೆಗಳನ್ನು ದೇವರ ಮುಂದೆ ಗಂಟು ಕಟ್ಟಿದ ಮೇಲೆ ಅದು ನೆಲ ಮುಟ್ಟಬಾರದು, ಬೇರೆಯವರ ಕೈಗೂ ಹೋಗಬಾರದು. ರೈಲಿನಲ್ಲಿ ಹೋಗಿಬರುವಷ್ಟು ರಜೆ ಮಾಚೇನಹಳ್ಳಿಯ ಕಾರ್ಖಾನೆಯಲ್ಲಿದ್ದ ನಮ್ಮವರಿಗೆ ಸಿಗಲಿಲ್ಲ. ಅಗ್ಗದ ವಿಮಾನಗಳು ಆಗತಾನೇ ಶುರುವಾಗಿದ್ದವು. ಭದ್ರಾವತಿಯ ಟ್ರಾವೆಲ್ಸ್‌ನವನು, "ಅಕ್ಕೋರೆ, ರೈಲಿನ ಎ.ಸಿ. ಬೋಗಿಗೆ ಕೊಡೋ ದುಡ್ಡಲ್ಲಿ ಹಾರ್ಕೊಂಡೇ ಹೋಗ್ಬಹುದು" ಎಂದ. ಹಾರುವ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ?

ಬೆಂಗಳೂರು ಮುಟ್ಟಿದರೆ ಬೆಳಗಿನ ವಿಮಾನ ಮಧ್ಯಾಹ್ನಕ್ಕೆ ಮುಂದೆ ಹೋಗಿತ್ತು. ಅದನ್ನೂ ಸಹಿಸಿಕೊಂಡೆ. ಕೊನೆಗೆ ಕೌಂಟರಿನ ಹುಡುಗಿ ನನ್ನ ಗಂಟಿನ ಮೇಲೆ ಕಣ್ಣು ಹಾಕಿದಳು.

"ಮೇಡಂ, ಕೈಯಲ್ಲಿ ಒಂದೇ ಬ್ಯಾಗು. ಅದನ್ನ ಲಗೇಜಿಗೆ ಹಾಕಿ."

ಅವಳ ಹಿಂದೆ ಪೆಟ್ಟಿಗೆಗಳನ್ನು ಧೊಪ್ ಧೊಪ್ ಎಂದು ಎಸೆಯುತ್ತಿದ್ದರು.

"ಇದು ಮಡಿಲಕ್ಕಿ ಕಣಮ್ಮ. ಮಡಿಲಲ್ಲೇ ಇಟ್ಕೋತೀನಿ."

"ರೂಲ್ಸ್ ಮೇಡಂ. ಇಲ್ಲಾಂದ್ರೆ ಇಲ್ಲೇ ಬಿಟ್ಟು ಹೋಗಿ."

ಬಿಟ್ಟು ಹೋಗಬೇಕಂತೆ! ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ಹಲಸಿನಹಣ್ಣು, ಹುಂಜ, ಹೊಲಿಗೆ ಯಂತ್ರ ಎಲ್ಲವನ್ನೂ ಕಂಡಕ್ಟರೇ ಕೈಕೊಟ್ಟು ಹತ್ತಿಸಿಕೊಳ್ಳುತ್ತಾನೆ. ಇಷ್ಟು ದೊಡ್ಡ ವಿಮಾನಕ್ಕೆ ಒಂದು ಗಂಟು ಭಾರವಾಯಿತೇ?

"ಕೊಟ್ಬಿಡೇ ಮಾರಾಯ್ತಿ, ಅಕ್ಕಿ ದೆಹಲೀಲೂ ಸಿಗುತ್ತೆ" ಎಂದರು ನಮ್ಮವರು.

"ನಿಮ್ಮ ತಂಗಿಗಾಗಿದ್ರೆ ಹಿಂಗೇ ಅಂತಿದ್ರಾ?"

ಬೆಂಚಿನ ಮೇಲೆ ಕುಳಿತೆ. ಗಂಟು ಬಿಚ್ಚಿ, ಎಲ್ಲವನ್ನೂ ಸೆರಗಿಗೆ ಸುರಿದುಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿದೆ. ಮತ್ತೆ ಕೌಂಟರಿನ ಮುಂದೆ ನಿಂತು, "ಈಗ ನನ್ನನ್ನೇ ತೂಗಮ್ಮ" ಎಂದೆ. ನಮ್ಮವರು ಅಪರಿಚಿತರಂತೆ ಅತ್ತ ತಿರುಗಿ ನಿಂತರು. ಹುಡುಗಿ ವಿಮಾನ ಹತ್ತುವ ಚೀಟಿ ಕೊಟ್ಟಳು.

ತಪಾಸಣೆಯ ಹೆಂಗಸು ಸೊಂಟ ಮುಟ್ಟಿ ಬೆಚ್ಚಿದಳು. ಸೆರಗು ಬಿಡಿಸಿ ಅಕ್ಕಿ ತೋರಿಸಿದೆ. ನನ್ನ ಹಿಂದಿ ಅಷ್ಟಕ್ಕಷ್ಟೇ. "ಬೆಹನ್... ಬಚ್ಚಾ" ಎಂದು ಹೊಟ್ಟೆಯ ಮುಂದೆ ಕೈ ಆಡಿಸಿದೆ. ಅವಳು ಜೋರಾಗಿ ನಕ್ಕು, ತಾನೇ ಸೆರಗು ಸರಿಮಾಡಿ ಕಳಿಸಿದಳು.

ಒಳಗೆ ಮೊಣಕಾಲು ಮಡಚಲೂ ಜಾಗವಿಲ್ಲ. ಕುಡಿಯುವ ನೀರಿಗೂ ಕಾಸು. ಹಟಕ್ಕೆ ನಾನು ಕುಡಿಯಲೇ ಇಲ್ಲ. ಕಿಟಕಿಯಾಚೆ ಮೋಡಗಳು ಹಿಂಜಿದ ಹತ್ತಿಯಂತೆ ಹರಡಿದ್ದವು. ಸಿಟ್ಟಿನಲ್ಲೇ ಅವನ್ನು ನೋಡಿದೆ; ಆದರೂ ಕಣ್ಣು ತೆಗೆಯಲಾಗಲಿಲ್ಲ. ರೈಲಾಗಿದ್ದರೆ ಇನ್ನೂ ಅರ್ಧ ದಾರಿಯನ್ನೂ ದಾಟಿರುತ್ತಿರಲಿಲ್ಲ ಎಂಬುದೂ ನಿಜವೇ.

ದೆಹಲಿಯ ಮನೆ ಮುಟ್ಟಿದರೆ, ಮಡಿಲು ತುಂಬುವುದು ಮರುದಿನವೆಂದು ತಂಗಿಯ ಅತ್ತೆ ಹೇಳಿದರು. ಅಲ್ಲಿಯವರೆಗೆ ಇಡುವುದೆಲ್ಲಿ? ದೇವರಿಗೆ ದೀಪ ಹಚ್ಚಿಸಿ, ಬಂದ ಸೀರೆಯಲ್ಲೇ, ನನ್ನ ಮಡಿಲಿನಿಂದ ತಂಗಿಯ ಮಡಿಲಿಗೆ ಸುರಿದೆ.

"ಅಕ್ಕಾ, ಅಕ್ಕಿ ಬೆಚ್ಚಗಿದೆಯಲ್ಲೇ!" ಎಂದಳು.

"ಇರ್ಲಿ. ಮೊದ್ಲು ಒಂದು ಚೊಂಬು ನೀರು ಕೊಡೇ, ಕಾಸು ಕೇಳ್ದೆ."