ಕುಕ್ಕರ್ ಡಾಕ್ಟರ ಗ್ಯಾಸ್ಕೆಟ್

ಮೋಡಗಳಿಗಿಂತ ಒಂದು ಮಹಡಿ ಮೇಲಿದ್ದ ಆ ಊರಿಗೆ ಎಂಬತ್ತು ಮನೆ, ಎಂಬತ್ತು ಕುಕ್ಕರ್, ಒಬ್ಬನೇ ಚಕ್ರವರ್ತಿ. ಅಷ್ಟು ಎತ್ತರದಲ್ಲಿ ನೀರೇನೋ ಬೇಗ ಕುದಿಯುತ್ತದೆ, ಕಾಳು ಮಾತ್ರ ಬೇಯಲು ಒಲ್ಲೆನ್ನುತ್ತದೆ. ಕುಕ್ಕರ್ ಕೆಟ್ಟ ಮನೆಗೆ ಉಪವಾಸವೇ ಗತಿ. ಹೀಗಾಗಿ ಕುಕ್ಕರ್ ಡಾಕ್ಟರು ಕಿಟಕಿ ಪಕ್ಕದ ಮಣೆಯ ಮೇಲೆ ವಿರಾಜಮಾನರಾಗಿ, ಸ್ಕ್ರೂಡ್ರೈವರೆಂಬ ಖಡ್ಗ ಹಿರಿದು, ಮೂವತ್ತು ವರ್ಷಗಳಿಂದ ರಾಜ್ಯಭಾರ ಮಾಡುತ್ತಿದ್ದರು. ಅವರು ಹಾಕಿದ ಗ್ಯಾಸ್ಕೆಟ್ ಉಸಿರು ಬಿಟ್ಟದ್ದನ್ನು ಕಂಡವರಿಲ್ಲ. ಈ ಮಾತನ್ನು ದಿನಕ್ಕೆ ನಾಲ್ಕು ಸಲ ಅವರೇ ಹೇಳುತ್ತಿದ್ದರು.

ಇಂಥ ವೀರರಿಗೂ ಆ ಬೆಳಿಗ್ಗೆ ಅಳುಕು ಹತ್ತಿತ್ತು. ಹೆಂಡತಿ ಹೋದ ಮೇಲೆ ಅವರಿಗಿದ್ದವಳು ಮಗಳೊಬ್ಬಳೇ, ಊರಿನ ಆಸ್ಪತ್ರೆಯ ನರ್ಸು. ಮದುವೆ ಗೊತ್ತಾಗಿತ್ತು. ಹುಡುಗ ಬಯಲಿನ ಮೇಷ್ಟ್ರು. ಇಲ್ಲಿಗೆ ವರ್ಗ ಮಾಡಿಸಿಕೊಳ್ಳಲು ತಯಾರಿದ್ದ. ಅವನ ತಾಯಿ ಒಪ್ಪಿದರೆ ಮಗಳು ಇಲ್ಲೇ, ಇಲ್ಲದಿದ್ದರೆ ಕೆಳಗೆ. ಊರು ನೋಡಿಯೇ ಹೇಳುತ್ತೇನೆಂದು ಬೀಗಿತ್ತಿ ಬಸ್ಸಿಳಿದಿದ್ದರು.

ಡಾಕ್ಟರು ಕಡಲೆಕಾಳು ಒಲೆಗಿಟ್ಟು, ಸೂರಿನ ಹಿಮ ಕೆಡವಲು ಹೊರಗೆ ಹೋದರು. ಹನ್ನೆರಡು ಕೂಗಿಗೆ ಇಳಿಸುವುದು ಇಲ್ಲಿಯ ಲೆಕ್ಕ. ಬೀಗಿತ್ತಿಗೆ ಗೊತ್ತಿದ್ದದ್ದು ಬಯಲಿನ ಲೆಕ್ಕ. ಗಂಡಸಿಗೆ ಒಲೆಯ ನಿಗಾ ಎಲ್ಲಿಂದ ಬರಬೇಕು ಎಂದುಕೊಂಡು ನಾಲ್ಕನೆಯ ಕೂಗಿಗೇ ಗ್ಯಾಸ್ ಆರಿಸಿಬಿಟ್ಟರು.

ಊಟಕ್ಕೆ ಪಕ್ಕದ ಮನೆಯ ದರ್ಜಿಯೂ ಬಂದಿದ್ದ. ಮೊದಲ ತುತ್ತಿಗೇ ಅವನ ಬಾಯಲ್ಲಿ ಕಟಕ್ ಎಂದಿತು.

"ಏನ್ ಡಾಕ್ಟ್ರೇ, ನನ್ನ ಗುಂಡಿ ಡಬ್ಬ ಬೇಯಿಸಿಬಿಟ್ರಾ?"

ಡಾಕ್ಟರು ಒಂದು ಕಾಳನ್ನು ಹಲ್ಲಿಗೆ ಕೊಟ್ಟರು, ರೋಗ ತಿಳಿಯಿತು. ಬೀಗಿತ್ತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಗಳು ಅಪ್ಪನನ್ನೇ ನೋಡಿದಳು.

"ಗ್ಯಾಸ್ಕೆಟ್ ಹೋಗಿದೆ ಕಣಯ್ಯಾ," ಎಂದರು ಡಾಕ್ಟರು. "ಮೊನ್ನೆ ನಾನೇ ಹಾಕಿದ್ದು."

ಮೂವತ್ತು ವರ್ಷದ ಸಾಮ್ರಾಜ್ಯ ಒಂದೇ ಮಾತಿಗೆ ಮಣ್ಣುಪಾಲಾಯಿತು. ಸಂಜೆಯೊಳಗೆ ಎಂಬತ್ತು ಮನೆಗೂ ಸುದ್ದಿ ಮುಟ್ಟಿಸುವ ಹುರುಪಿನಲ್ಲಿ ದರ್ಜಿ ಕೈ ತೊಳೆಯಲೆದ್ದ.

"ಕೂತ್ಕೊಳ್ಳಪ್ಪ," ಎಂದರು ಬೀಗಿತ್ತಿ. "ಗ್ಯಾಸ್ಕೆಟ್ ನೆಟ್ಟಗಿದೆ. ಆರಿಸಿದ್ದು ನಾನು."

ಎಷ್ಟು ಕೂಗಾಗಬೇಕಿತ್ತೆಂದು ಕೇಳಿದರು. ಹನ್ನೆರಡು ಎಂದಾಗ ಎದೆಯ ಮೇಲೆ ಕೈಯಿಟ್ಟುಕೊಂಡರು. ಪಾತ್ರೆಯಲ್ಲಿ ಉಳಿದ ಕಾಳನ್ನು ಕುಕ್ಕರಿಗೆ ಸುರಿದು ತಾವೇ ಒಲೆ ಹಚ್ಚಿ, ಗೋಡೆಗೊರಗಿ ನಿಂತರು.

"ಸುಳ್ಳು ಹೇಳೋಕೆ ಬರಲ್ಲ ನಿಮಗೆ ಬೀಗರೇ, ಕಿವಿ ಕೆಂಪಗಾಗುತ್ತೆ. ಈ ಮನೆಗೆ ಹುಡುಗನ್ನ ಕಳಿಸೋಕೆ ನಂಗೇನೂ ಭಯ ಇಲ್ಲ. ಆದ್ರೆ ಅವನಿಗೆ ರಜಾಯಿ ಎರಡು ಬೇಕು."

ಕುಕ್ಕರ್ ಮೇಲಿಂದ ಮೇಲೆ ಕೂಗುತ್ತಿರುವಾಗ ಡಾಕ್ಟರು ಏನೋ ಹೇಳಹೊರಟರು. ಸುಮ್ಮನಿರಪ್ಪಾ, ಲೆಕ್ಕ ತಪ್ಪುತ್ತೆ ಎಂದು ಮಗಳು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ತಪ್ಪಿಯೇ ಹೋಗಿತ್ತು: ದರ್ಜಿ ಎಂಟು ಎಂದ, ಬೀಗಿತ್ತಿ ಆರೇ ಎಂದು ಪಟ್ಟು ಹಿಡಿದರು.