ನೂರು ಜೀವದ ಆಟ

2002ರಲ್ಲಿ, ಏಳನೇ ತರಗತಿಗೆ, ನನ್ನ ಓದು ನಿಂತಿತು. ಯಾರೂ ಬಿಡಿಸಲಿಲ್ಲ, ಅಣ್ಣನೊಬ್ಬನೇ ಕುರಿಗಳ ಹಿಂದೆ ಅಲೆಯುವುದನ್ನು ನೋಡಲಾಗದೆ ನಾನೇ ಬಿಟ್ಟೆ. ಕೆಲ ವರ್ಷ ಅವನ ಜೊತೆ ಕುರಿ ಕಾಯ್ದೆ, ಆಮೇಲೆ ಜಹೀರಾಬಾದ್ ಪಟ್ಟಣಕ್ಕೆ ಬಂದು ವೆಲ್ಡಿಂಗ್ ಕಲಿತೆ. ಕೊಹೀರಿನಿಂದ ನಾರಾಯಣಖೇಡದವರೆಗೆ ನಾನು ಮಾಡಿದ ಗೇಟುಗಳಿವೆ, ಒಂದೂ ಜೋತುಬಿದ್ದಿಲ್ಲ. ಮದುವೆ ಮಾತ್ರ ಕೂಡಿಬರಲಿಲ್ಲ. ರಜೆಯ ದಿನ ಕೋಣೆಯಲ್ಲಿ ನನ್ನದೊಂದೇ ಸಪ್ಪಳ.

ಅಣ್ಣ ನ್ಯಾಲ್ಕಲ್ ಕಡೆಯ ನಮ್ಮೂರಲ್ಲೇ ಕುರಿ ಮೇಯಿಸಿಕೊಂಡಿದ್ದಾನೆ. ಫೋನು ಮಾಡಿದರೆ, "ಊಟ ಆತಾ?" ಎನ್ನುತ್ತಾನೆ. ಆತು ಎಂದರೆ, "ಮತ್ತೇನು?" ಎನ್ನುತ್ತಾನೆ. ಅಲ್ಲಿಗೆ ಫೋನು ಇಡುತ್ತಿದ್ದೆವು. ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವರಿಗೆ ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ಫೋನಿನಲ್ಲಿ ಆಡುವ ಒಂದು ಆಟ ಮಾಡಿ ಕಳಿಸೋಣ, ಅದರ ನೆಪದಲ್ಲಾದರೂ ಅವನು ನನ್ನ ಜೊತೆ ನಾಲ್ಕು ಮಾತಾಡಿಯಾನು ಎಂದುಕೊಂಡೆ.

ಹೊಸಬರಿಗೆಂದೇ ಮಾಡಿದ ಆ್ಯಪ್ ಒಂದು ಸಿಕ್ಕಿತು. ಭಾಷೆ ಕನ್ನಡಕ್ಕೆ ಇಟ್ಟುಕೊಂಡೆ. 'ಮುಟ್ಟಿದರೆ', 'ಓಡು', 'ನಿಲ್ಲು' ಎಂದು ಬರೆದ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಹಚ್ಚಿದರೆ ಆಟ ನಡೆಯುತ್ತದೆ. ಇದೂ ವೆಲ್ಡಿಂಗೇ ಅನ್ನಿಸಿತು. ಹಳೇ ಕಾಲದ ಟಿವಿ ಆಟಗಳಂತೆ ಎಲ್ಲ ಚೌಕ ಚೌಕ. ಬಿಳಿ ಚೌಕಕ್ಕೆ ನಾಲ್ಕು ಕರಿ ಚುಕ್ಕೆ ಇಟ್ಟರೆ ಕುರಿ, ಕಂದು ಚೌಕಕ್ಕೆ ಬಾಲ ಹಚ್ಚಿದರೆ ತೋಳ. ಕೋಲು ಹಿಡಿದ ಮನುಷ್ಯ ಕುರಿಗಳನ್ನು ದೊಡ್ಡಿಗೆ ಸೇರಿಸಬೇಕು.

ಒಂದು ತುಂಡಿನ ಮೇಲೆ 'ಜೀವ 3' ಎಂದಿತ್ತು. ನಮ್ಮ ಕಡೆ ಕುರಿಯವರ ಬಾಯಲ್ಲಿ ಜೀವ ಅಂದರೆ ಕುರಿ. "ಎಷ್ಟು ಜೀವ ಅವ?" ಅಂತಲೇ ಕೇಳುವುದು. ಮೂರು ಕುರಿಗೆ ಯಾರು ಕೋಲು ಹಿಡಿಯುತ್ತಾರೆ ಎಂದು ಅದನ್ನು ನೂರು ಮಾಡಿದೆ. ತೋಳ ಕುರಿಯನ್ನು ಮುಟ್ಟಿದರೆ ಒಂದು ಜೀವ ಕಡಿಮೆ ಎಂದು ಹಚ್ಚಿ ಕಳಿಸಿದೆ.

ಮರುದಿನ ಸಂಜೆ ಅಣ್ಣ ತಾನಾಗಿ ಫೋನು ಮಾಡಿದ.

"ಏ ತಮ್ಮಾ, ತ್ವಾಳ ಕುರಿಗಿ ಬಾಯಿ ಹಾಕಿದ್ರ ನಾ ಯಾಕ ಬಿದ್ದು ಸಾಯ್ತೀನಿ? ಕುರಿ ನೋಡಿದ್ರ ಅಲ್ಲೇ ಆರಾಮ ನಿಂತದ."

"ಎಷ್ಟು ಜೀವ ಉಳದಾವ ಅಣ್ಣಾ?"

"ಎಪ್ಪತ್ತು. ಮೂವತ್ತು ಸಲ ಸತ್ತೀನಿ, ಇನ್ನಾ ಚಾ ಕುಡದಿಲ್ಲ."

ಇಬ್ಬರೂ ಬಹಳ ಹೊತ್ತು ನಕ್ಕೆವು. ಮಾತು ನಮ್ಮ ಹಳೇ ಟಗರಿಗೆ, ಅಲ್ಲಿಂದ ಇಬ್ಬರೂ ಕುರಿ ಕಾಯ್ದ ಕಲ್ಹೇರಿನ ಬಯಲಿಗೆ ಹೋಯಿತು.

ಫೋನಿಟ್ಟ ಮೇಲೆ ಕೂತು ನೋಡಿದೆ. ಆಟದಲ್ಲಿ ಜೀವ ಅಂದರೆ ಕುರಿಯಲ್ಲ, ಆಡುವವನ ಪ್ರಾಣ. ತಪ್ಪು ಕೆಲಸ ನನ್ನ ಕೈಯದು ಅನ್ನಿಸಿಕೊಳ್ಳುವುದು ನನಗಾಗದು. ತೋಳ ಮನುಷ್ಯನನ್ನೇ ಮುಟ್ಟಿದರೆ ಮಾತ್ರ ಜೀವ ಹೋಗುವಂತೆ ಸರಿ ಮಾಡಿ, ಜೀವ ಮೂರೇ ಇಟ್ಟು ಮತ್ತೆ ಕಳಿಸಿದೆ.

ಅಣ್ಣನ ಫೋನು ಬರಲಿಲ್ಲ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಶೆಡ್ಡಿನ ಕೆಲಸಕ್ಕೆ ಹೋಗಿದ್ದೆ. ಮೈಮೇಲೆ ಬಿಳಿ ಧೂಳು, ಬುತ್ತಿ ಬಿಚ್ಚಿದಾಗಲೂ ಕಣ್ಣು ಫೋನಿನ ಮೇಲೆ. ಕೊನೆಗೆ ನಾನೇ ಮಾಡಿದೆ.

"ಊಟ ಆತಾ?" ಎಂದ.

"ಹೊಸಾದು ಆಡಿದೇನು?"

"ಆಡ್ದೆ. ಮೂರು ಸಲ ಬಿದ್ದೆ, ಮುಗದು ಹೋತು. ಮೂರು ಜೀವದಾಗ ಯಾರರ ಬಾಳೇ ಮಾಡ್ತಾರೇನು? ಮತ್ತೇನು?"

ಅಂದೇ ಹಳೆಯ ಆಟವನ್ನು ತಪ್ಪಿನ ಸಮೇತ ತಿರುಗಿ ಕಳಿಸಿದೆ. ಕೈ ಒಲ್ಲೆನೆಂದಿತು, ಆದರೂ ಕಳಿಸಿದೆ. ಈಗ ಅಣ್ಣ ಆಗೊಮ್ಮೆ ಈಗೊಮ್ಮೆ ಫೋನು ಮಾಡಿ ಉಳಿದ ಜೀವಗಳ ಲೆಕ್ಕ ಹೇಳುತ್ತಾನೆ. ಅವನು ಇಟ್ಟ ಮೇಲೆ ಕೋಣೆ ಇನ್ನೂ ಸುಮ್ಮಗಾಗುತ್ತದೆ.

ಈಗ ನನಗಿರುವುದು ಒಂದು ಕೋಣೆ, ಎರಡು ವೆಲ್ಡಿಂಗ್ ಮಷೀನು, ತಪ್ಪಿರುವ ಒಂದು ಆಟ, ಅದನ್ನು ಆಡುವ ಒಬ್ಬ ಅಣ್ಣ.