ಅತ್ತೆಯ ಬೆನ್ನಿಗೆ ಎರಡನೇ ಸೂಜಿ

ಇಪ್ಪತ್ತೆರಡು ವರ್ಷದಲ್ಲಿ ನಮ್ಮತ್ತೆ ನನ್ನ ಜೊತೆ ಮೆತ್ತಗೆ ಮಾತಾಡಿದ್ದು ಎರಡೇ ದಿನ. ಆಗ ಅವರು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಎದೆಯ ಆಪರೇಷನ್ ಆಗಿ ಮಲಗಿದ್ದರು. ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಯಾಕೆ ಹೀಗೆ ಅಂತ ಯೋಚಿಸುವ ಬುದ್ಧಿಯೇ ಬರಲಿಲ್ಲ. ಮದ್ದೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅತ್ತೆಯ ತವರು ಕಿರುಗಾವಲು. ಅಲ್ಲಿಂದ ತಂದ ಎರಡು ಕುರಿಮರಿಗಳಿಂದ ಶುರುವಾಗಿ, ಹೊಳಲಿನ ನಮ್ಮ ಹಿತ್ತಲಲ್ಲಿ ಕುರಿ, ನಾಯಿ ಇಲ್ಲದ ದಿನವೇ ಇರಲಿಲ್ಲ. ಅತ್ತೆಯ ಬಾಯಿಗೂ ಬಿಡುವಿರಲಿಲ್ಲ. ನಾನು ಮದುವೆಯಾಗಿ ಬಂದ ಮೂರನೇ ದಿನವೇ, "ಇದೇನೇ ಸಾರು, ಕುರಿ ಮೂತಿ ತೊಳ್ದ ನೀರಂಗದೆ" ಅಂದಿದ್ದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಉಣ್ಣದಿದ್ರೆ ಬಿಡಿ" ಅಂದಿದ್ದೆ. ಅಲ್ಲಿಂದ ಹಾಗೇ ನಡೆದಿತ್ತು.

ಹೋದ ವರ್ಷ ಅವರಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ಮಳವಳ್ಳಿಯಲ್ಲಿ ಎಕ್ಸ್‌ರೇ ತೆಗೆಸಿದರೆ ಬಲಗಡೆಯ ಶ್ವಾಸಕೋಶದಲ್ಲಿ ನಿಂಬೆಹಣ್ಣಿಗಿಂತ ದೊಡ್ಡದೊಂದು ನೀರುಗುಳ್ಳೆ. ನಾಯಿಯ ಹೊಟ್ಟೆಯಲ್ಲಿರುವ ಹುಳದ ಮೊಟ್ಟೆ ನಮ್ಮ ಹೊಟ್ಟೆಗೆ ಸೇರಿದರೆ ಹೀಗಾಗುತ್ತದಂತೆ. ಕ್ಯಾನ್ಸರ್ ಅಲ್ಲ, ಆದರೆ ಒಳಗೇ ಒಡೆದರೆ ಅಪಾಯ, ಪಕ್ಕೆ ಕೊಯ್ದು ತೆಗೆಯಲೇಬೇಕು ಅಂದರು.

ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರು ಬಂದರು. ಆತಗೂರು ಕಡೆಯ ಹೆಣ್ಣುಮಗಳು, ಚಿಕ್ಕ ವಯಸ್ಸು. ಬೆನ್ನುಮೂಳೆಯ ಪಕ್ಕದಲ್ಲಿ, ಪಕ್ಕೆಲುಬಿಗೆ ಹೋಗುವ ನರಗಳ ಹತ್ತಿರ ಒಂದು ಸೂಜಿ ಹಾಕಿ, ಅದರೊಳಗಿಂದ ದಾರದಷ್ಟು ತೆಳ್ಳಗಿನ ನಳಿಕೆ ಬಿಟ್ಟು ಬರುತ್ತೇವೆ ಅಂದರು. ಆಪರೇಷನ್ ಆದಮೇಲೆ ಒಂದು ಸಣ್ಣ ಪಂಪು ಆ ನಳಿಕೆಯಲ್ಲಿ ಮರಗಟ್ಟಿಸುವ ಔಷಧಿಯನ್ನು ಬಿಡುತ್ತಲೇ ಇರುತ್ತದೆ. ಕೊಯ್ದ ಪಕ್ಕೆ ಮಾತ್ರ ಜೋಮು ಹಿಡಿಯುತ್ತದೆ, ಮನುಷ್ಯ ಎಚ್ಚರವಾಗೇ ಇರುತ್ತಾನೆ.

"ಬೆನ್ನಿಗೆ ಸೂಜಿನಾ? ಬ್ಯಾಡ ಬುಡವ್ವ" ಅಂದರು ಅತ್ತೆ. "ಎರಿಗೇಲಿ ಬೆನ್ನಿಗೆ ಚುಚ್ಚುಸ್ಕಂಡೋರೆಲ್ಲ ಸೊಂಟ ಇಡ್ಕಂಡು ಕುಂತವ್ರೆ. ನಾನು ಕಳೆ ಕೀಳೋಳು."

ಡಾಕ್ಟರು ನನ್ನನ್ನು ಆಚೆ ಕರೆದರು. ನಳಿಕೆ ಇಲ್ಲದಿದ್ದರೆ ಉಸಿರು ಎಳೆದಾಗಲೆಲ್ಲ ನೋವು. ನೋವಿಗೆ ಹೆದರಿ ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಕಫ ಒಳಗೇ ಕೂತು ನ್ಯುಮೋನಿಯಾ. "ಈ ವಯಸ್ಸಿಗೆ ಆಪರೇಷನ್‌ಗಿಂತ ನಂಗೆ ಅದೇ ಭಯ ಮೇಡಂ. ಜೀವಕ್ಕೇ ಬರಬಹುದು" ಅಂದರು.

ಒಳಗೆ ಹೋದವಳೇ ಬಲಗೈಯನ್ನು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ. "ಒಂದೇ ಒಂದು ಸೂಜಿ ಅತ್ತೆ. ಎರಡನೇದು ಹಾಕಲ್ಲ. ನನ್ನ ತಲೆ ಮೇಲಾಣೆ."

ಅತ್ತೆ ನನ್ನ ಕೈಯನ್ನೇ ನೋಡಿದರು. "ಸುಳ್ಳಾಣೆ ಮಡಗಬ್ಯಾಡ ಕಣೇ."

"ಸುಳ್ಳಲ್ಲ."

"ಸರಿ, ಚುಚ್ಚುಸ್ತೀನಿ ಬುಡು" ಅಂದರು. ನಾನು ಕೆಳಗೆ ಹೋಗಿ ಕಾಫಿ ಕುಡಿಯುವಷ್ಟರಲ್ಲಿ ಆ ಆಣೆಯನ್ನು ಮರೆತೂಬಿಟ್ಟಿದ್ದೆ.

ಸೋಮವಾರ ಆಪರೇಷನ್ ಆಯಿತು. ಮಂಗಳವಾರ ಬೆಳಿಗ್ಗೆ ಹೋದರೆ ಅತ್ತೆ ಎದ್ದು ಕೂತಿದ್ದಾರೆ! ಪಕ್ಕೆಯಿಂದ ದಪ್ಪ ಪೈಪು ಇಳಿಬಿದ್ದಿದೆ, ಮುಖದಲ್ಲಿ ನೋವಿನ ಸುಳಿವೇ ಇಲ್ಲ. ಬಲಗಡೆಯ ಪಕ್ಕೆಯನ್ನು ಬೆರಳಲ್ಲಿ ತಿವಿದು, "ಎಡಗಡೆದು ನಂದು ಕಣೇ, ಬಲಗಡೆದು ಯಾರ್ದೋ ಗೊತ್ತಿಲ್ಲ" ಅಂದರು. ದಿಂಬನ್ನು ಎದೆಗೆ ಅವುಚಿಕೊಂಡು ಚೆನ್ನಾಗಿ ಕೆಮ್ಮಿದರು. ಶ್ವಾಸಕೋಶ ಹಿಗ್ಗಲಿ ಅಂತ ಕೊಟ್ಟಿದ್ದ, ಕೊಳವೆಯಿರುವ ಡಬ್ಬಿಯಲ್ಲಿ ಉಸಿರೆಳೆದು ಒಳಗಿನ ಮೂರು ಚೆಂಡಿನಲ್ಲಿ ಎರಡನ್ನು ಮೇಲಕ್ಕೆತ್ತಿದರು. ನಾನು ತಂದ ಕಾಫಿಯನ್ನು ಕುಡಿದು, "ಇದು ಕಾಫಿನಾ, ಕಲಗಚ್ಚಾ?" ಅಂದರು. ಥೂ, ಈ ಹೆಂಗಸಿಗೆ ಎದೆ ಕೊಯ್ದರೂ ಬುದ್ಧಿ ಬರಲಿಲ್ಲವಲ್ಲ ಅಂದುಕೊಂಡೆ.

ಬುಧವಾರ ಅವರು ಬದಲಾಗಿಬಿಟ್ಟಿದ್ದರು. ನಾನು ಒಳಗೆ ಹೋಗುತ್ತಲೇ ಮೆಲ್ಲಗೆ, "ಬಾವ್ವ. ಉಂಡಾ?" ಅಂದರು. ನನಗೋ? ಹಿಂದೆ ಯಾರಾದರೂ ಬಂದರಾ ಅಂತ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಗಂಜಿ ಕುಡಿಸಿದೆ, "ಚೆಂದಾಗದೆ" ಅಂದರು. ನರ್ಸ್ ಬಂದು "ನೋವಿದ್ಯಾ ಅಜ್ಜಿ?" ಅಂದರೆ "ಇಲ್ಲ ಕಣ್ ತಾಯಿ." ಇಡೀ ವಾರ್ಡಿನಲ್ಲಿ ಇಷ್ಟು ಒಳ್ಳೆ ಅಜ್ಜಿ ಇಲ್ಲ ಅಂತ ನರ್ಸೇ ಹೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಕಾರಿಡಾರಿನಲ್ಲಿ ನರ್ಸನ್ನು ನಿಲ್ಲಿಸಿ, "ಆ ಪಂಪಿನ ಔಷಧಿ ಮನಸ್ಸಿಗೂ ಹೋಗುತ್ತಾ?" ಅಂತ ಕೇಳಿದೆ. "ಪಕ್ಕೆಗೆ ಮಾತ್ರ ಮೇಡಂ" ಅಂದು ಆಕೆ ನಕ್ಕರು. ಹಾಗಾದರೆ ಇದೇನು? ಸಾವಿನ ಬಾಗಿಲು ನೋಡಿ ಬಂದು ಮನಸ್ಸು ತಿರುಗಿತಾ? ಇಷ್ಟು ವರ್ಷ ಪ್ರೀತಿ ಒಳಗೇ ಇತ್ತಾ? ಗುರುವಾರವೂ "ಕುಂತ್ಕೋ ಮಗಾ" ಅಂದರು. ನಾನು ಗಂಡನಿಗೆ ಫೋನ್ ಮಾಡಿ, "ನಿಮ್ಮಮ್ಮ ನನ್ನ ಮಗಾ ಅಂದ್ರು ಕಣ್ರೀ" ಅಂತ ಹೇಳಿದೆ. ಅವರು "ಅಮ್ಮಂಗೆ ಏನ್ ಕುಡ್ಸುದೆ?" ಅಂದರು.

ಡಬ್ಬಿಯ ಚೆಂಡುಗಳು ಅವತ್ತು ಒಂದೂ ಮೇಲೇಳಲಿಲ್ಲ. ನಾನು ನೋಡಿದೆ. ಸುಸ್ತು ಅಂದುಕೊಂಡೆ. ಇಲ್ಲ, ನಿಜ ಹೇಳಬೇಕು. ಕೇಳಿದರೆ ಆ ಎರಡು ಒಳ್ಳೆ ಮಾತು ಕೈತಪ್ಪಿ ಹೋಗುತ್ತದೇನೋ ಅಂತ ಸುಮ್ಮನಾದೆ.

ಶುಕ್ರವಾರ ಬೆಳಿಗ್ಗೆ ಜ್ವರ. ಮೂಗಿಗೆ ಆಕ್ಸಿಜನ್ ಮಾಸ್ಕು. ಅರಿವಳಿಕೆ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. "ಕಫ ಕಟ್ಟಿದೆ. ನೋವಿಲ್ಲ ಅಂತಾರೆ, ಪಂಪು ಓಡ್ತಾ ಇದೆ. ಮತ್ತೆ ಯಾಕೆ ಕೆಮ್ತಾ ಇಲ್ಲ? ಹೀಗೇ ಆದ್ರೆ ಉಸಿರಾಟಕ್ಕೆ ಮೆಷಿನ್ ಹಾಕ್ಬೇಕಾಗುತ್ತೆ."

ನನ್ನ ಬಾಯಿಂದ ಅದು ಹೇಗೆ ಬಂತೋ, "ಎರಡು ದಿನದಿಂದ ನನ್ನನ್ನ ಬೈದಿಲ್ಲ ಡಾಕ್ಟ್ರೇ" ಅಂದುಬಿಟ್ಟೆ.

ಬೇರೆ ಊರಿನವರಾಗಿದ್ದರೆ ನಗುತ್ತಿದ್ದರು. ನಮ್ಮ ಕಡೆಯ ಅತ್ತೆಯರನ್ನು ಬಲ್ಲ ಆತಗೂರಿನ ಹುಡುಗಿ ನಗಲಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಅತ್ತೆಯ ಬಲಪಕ್ಕೆಗೆ ಮುಟ್ಟಿಸಿ, "ತಣ್ಣಗಿದ್ಯಾ ಅಜ್ಜಿ?" ಅಂದರು. ಅತ್ತೆ ಇಲ್ಲ ಅಂದರು, ಆದರೆ ಜೋಮು ಹಿಡಿದಿರಬೇಕಾದ ಪಕ್ಕೆ ಬೆಚ್ಚಿದ್ದು ನಮ್ಮಿಬ್ಬರಿಗೂ ಕಂಡಿತು. ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ ನೋಡಿದರೆ ಬೆನ್ನಿನ ಪಟ್ಟಿ ಬಿಟ್ಟುಕೊಂಡಿದೆ, ನಳಿಕೆ ಆಚೆ ಬಂದಿದೆ, ಔಷಧಿಯೆಲ್ಲ ಹಾಸಿಗೆಗೆ ಇಳಿದಿದೆ. ನಾನು ಅದನ್ನು ಬೆವರು ಅಂದುಕೊಂಡು ಬಟ್ಟೆಯಲ್ಲಿ ಒರೆಸಿದ್ದೆ.

"ಅಯ್ಯೋ, ಎರಡು ದಿನ ಹೆಂಗೆ ತಡ್ಕೊಂಡ್ರಿ? ಯಾಕೆ ಹೇಳ್ಲಿಲ್ಲ?" ಅಂದರು ಡಾಕ್ಟರು.

ಅತ್ತೆ ಮಾಸ್ಕು ಸರಿಸಿ, ಎರಡೆರಡು ಮಾತಿಗೆ ನಿಲ್ಲುತ್ತಾ ಹೇಳಿದರು. "ನೋವು ಅಂತ ಏಳುದ್ರೆ ಇನ್ನೊಂದು ಸೂಜಿ ಆಕ್ತೀರಿ. ಆಕುದ್ರೆ ಇವ್ಳಿಗೆ ಬತ್ತದೆ. ತಲೆ ಮುಟ್ಕಂಡು ಆಣೆ ಮಡಗವ್ಳೆ. ಎರಡು ಮಕ್ಕಳ ತಾಯಿ."

ನಾನು ಮರೆತ ಆಣೆಯನ್ನು ಅವರು ಒಂದೊಂದು ಉಸಿರಿಗೂ ಕಾಯುತ್ತಿದ್ದರು.

"ಆ ಆಣೆ ನನ್ನ ತಲೆಗಿರ್ಲಿ ಅಜ್ಜಿ, ಸೂಜಿ ಹಾಕೋಳು ನಾನಲ್ವಾ" ಅಂದರು ಡಾಕ್ಟರು.

"ನೀನೂ ಒಬ್ರ ಮನೆ ಮಗಳಲ್ವೇನವ್ವ" ಅಂದರು ಅತ್ತೆ.

ಏನು ಮಾಡಬೇಕೋ ತೋಚದೆ ನಾನು ಬಗ್ಗಿ ಅವರ ಕೈಯನ್ನು ಎತ್ತಿ ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ. "ನೀವೇ ಬಿಡಿಸಿ ಅತ್ತೆ. ದಮ್ಮಯ್ಯ." ಕೈ ಜ್ವರಕ್ಕೆ ಸುಡುತ್ತಿತ್ತು. ಅತ್ತೆ "ಆಣೆ ಬುಟ್ಟೆ. ಇವ್ಳಿಗೇನೂ ಆಗ್ಬಾರ್ದು ಕಣಪ್ಪ" ಅಂದರು. ಯಾವ ದೇವರಿಗೆ ಹೇಳಿದರೋ ಗೊತ್ತಿಲ್ಲ.

ಎರಡನೇ ಸೂಜಿ ಹಾಕಿದರು, ಹೊಸ ನಳಿಕೆ ಬಿಟ್ಟರು. ಅರ್ಧ ಗಂಟೆಯಲ್ಲಿ ಮುಖ ಸಡಿಲವಾಯಿತು. ನಾನು ದಿಂಬು ಕೊಟ್ಟೆ. ಅವುಚಿಕೊಂಡು ಕೆಮ್ಮಿದರು, ಮತ್ತೆ ಕೆಮ್ಮಿದರು, ಎರಡು ದಿನದ ಕಫ ಬಂತು. ನಾನು ಬಾಯಿ ಒರೆಸುತ್ತಾ, ಕೇಳಬಾರದ ಹೊತ್ತಲ್ಲಿ ಕೇಳಿದೆ, "ಮತ್ತೆ ಅಷ್ಟು ಮೆತ್ತಗೆ ಯಾಕೆ ಮಾತಾಡಿದ್ರಿ?"

"ಬಯ್ಯಕ್ಕೆ ಉಸ್ರು ಬ್ಯಾಡ್ವೇನೇ?" ಅಂದರು.

ಹಾಗಾದರೆ ಆ "ಮಗಾ" ಅನ್ನುವುದು ಉಸಿರಿಲ್ಲದ್ದಕ್ಕೆ ಬಂದ ಮಾತೋ, ಇದ್ದ ಒಂದಿಷ್ಟು ಉಸಿರಲ್ಲಿ ಆರಿಸಿ ಆಡಿದ ಮಾತೋ? ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವತ್ತು ಯೋಚಿಸಲು ಪುರುಸೊತ್ತೂ ಸಿಗಲಿಲ್ಲ. ಅತ್ತೆ ಪಕ್ಕೆ ತುಂಬ ಉಸಿರೆಳೆದು ನನ್ನ ಕಡೆ ತಿರುಗಿದ್ದರು.

"ನಿನ್ ತಲೆಯೇನು ಸಂತೆ ಸರಕೇನೇ, ಕಂಡ್‌ಕಂಡ್ ಕಡೆ ಆಣೆ ಮಡಗಕ್ಕೆ? ಮೇಷ್ಟ್ರಮ್ಮನಂತೆ! ಇನ್ನೊಂದ್ಸಲ ತಲೆ ಮ್ಯಾಲೆ ಕೈ ಮಡಗು, ನಾಲ್ಗೆ ಕಿತ್ತಾಕ್ಬುಡ್ತೀನಿ."

ನರ್ಸ್ ಓಡಿಬಂದು, "ಅಜ್ಜಿ, ಜಾಸ್ತಿ ಮಾತಾಡ್ಬೇಡಿ" ಅಂದರು. "ಮಾತಾಡ್ಲಿ ಬಿಡಿ" ಅಂದೆ ನಾನು. ಕಣ್ಣು ಒರೆಸಿಕೊಂಡು ಸ್ಟೂಲು ಎಳೆದು ಕೂತು, ಅವರು ಬೈದಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡೆ.